ನನಗೆ ಕಾಮಾಲೆ ಆಗಿರಲಿಲ್ಲ

ಮಂಗಳೂರಿನ ದೇರೆಬೈಲಿನ ನಮ್ಮ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಪ್ರಮಿತಾಗೆ ಹಿಂದೊಮ್ಮೆ ಜೋರು ಕಾಮಾಲೆಯಾಗಿತ್ತು, ಉಳಿದದ್ದೇ ದೊಡ್ಡದು ಎನ್ನುತ್ತಾರೆ. ನನ್ನ ಕಣ್ಣು ಅರಸಿನದಂತೆ ಹಳದಿಯಾಗಿದ್ದನ್ನು ಸ್ವತಃ ನೋಡಿದ್ದೇವೆ ಎನ್ನುವವರೂ ಸಿಗಬಹುದು. ಅವರನ್ನು ನಾನು ದೂರುವುದಿಲ್ಲ. ಮನೆಮಂದಿಯೆಲ್ಲ ಸೇರಿ ಒಂದು ಸುಳ್ಳನ್ನು ಶ್ರದ್ಧೆಯಿಂದ ಸಾಕಿದರೆ ಅದಕ್ಕೆ ಬಣ್ಣವೂ ಬರುತ್ತದೆ.

ನನಗಾಗಿದ್ದು ಬೇರೆ. ನನಗೆ ಇಲ್ಲದ ದನಿಗಳು ಕೇಳಿಸುತ್ತಿದ್ದವು. ಡಾಕ್ಟರರು ಅದನ್ನು ಸೈಕೋಸಿಸ್ ಎಂದರು. ಈಗ ಚೆನ್ನಾಗಿದ್ದೇನೆ, ಫಿಸಿಯೋಥೆರಪಿ ಓದುತ್ತಿದ್ದೇನೆ, ಊಟವಾದ ಮೇಲೆ ಒಂದು ಮಾತ್ರೆ ನುಂಗುತ್ತೇನೆ. ಇದನ್ನೆಲ್ಲ ಬರೆಯಲು ಅಮ್ಮನ ಒಪ್ಪಿಗೆಯಿದೆ. ದೊಡ್ಡಮ್ಮನ ಮಗ ರಿತೇಶನದೂ ಇದೆ. "ಬರಿ ಅಕ್ಕ, ಆದ್ರೆ ನನ್ನನ್ನು ಸ್ವಲ್ಪ ಚಂದ ಮಾಡಿ ಬರಿ" ಎಂದಿದ್ದಾನೆ. ಪ್ರಯತ್ನಿಸುತ್ತೇನೆ.

ಪಪ್ಪ ಧಕ್ಕೆಯಲ್ಲಿ, ಮೀನಿನ ಬೋಟುಗಳು ಬಂದು ನಿಲ್ಲುವ ಬಂದರಿನಲ್ಲಿ, ಏಲಂ ಕೂಗುವವರು, ಎಂದರೆ ಮೀನಿನ ಹರಾಜು ಹಾಕುವವರು. ಅಜ್ಜನ ಕಾಲದವರೆಗೂ ನಮ್ಮವರು ಕಡಲಿಗೆ ಇಳಿದವರೇ. ಪಪ್ಪ ಮಾತ್ರ ದಡದಲ್ಲಿ ನಿಂತು, ಬೋಟಿನವರು ತಂದ ಮೀನನ್ನು ಕೂಗಿ ಮಾರಿಕೊಡುವ ಕೆಲಸ ಹಿಡಿದರು. ಚಿಕ್ಕವಳಿದ್ದಾಗ ರಜೆಯಲ್ಲಿ ಅವರ ಜೊತೆ ಹೋಗಿ ಐಸಿನ ಪೆಟ್ಟಿಗೆಯ ಮೇಲೆ ಕೂರುತ್ತಿದ್ದೆ. ಬಂಗುಡೆಯ ರಾಶಿಯ ಮುಂದೆ ನಿಂತ ಪಪ್ಪ ದರವನ್ನು ಒಂದೇ ಉಸಿರಿನಲ್ಲಿ, ಹಾಡಿನ ಧಾಟಿಯಲ್ಲಿ ಏರಿಸುತ್ತ ಹೋಗುವರು. ಸುತ್ತ ನಿಂತವರಲ್ಲಿ ಒಬ್ಬ ಹುಬ್ಬು ಎತ್ತಿದರೆ ಸಾಕು, ಅದನ್ನೂ ಹಿಡಿದು ಹಾಡಿಗೆ ಸೇರಿಸುವರು. ಮನೆಯಲ್ಲಿ ಮಾತೇ ಆಡದ ಮನುಷ್ಯ ಅಲ್ಲಿ ರಾಜ. ನನಗೆ ಆ ಕೂಗು ಜೋಗುಳದಷ್ಟು ಪರಿಚಯ.

ನಾನು ಡಾಕ್ಟರಾಗಬೇಕೆಂದು ತೀರ್ಮಾನಿಸಿದ್ದು ಯಾರು ಎಂದು ಈಗ ಕೇಳಿದರೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತು, ಅದೇ ತಪ್ಪಾಯಿತು. ನೀಟ್‌ನಲ್ಲಿ ಸೀಟು ಸಿಗುವಷ್ಟು ಬರಲಿಲ್ಲ. ಇನ್ನೊಂದು ವರ್ಷ ಎಂದು ಕೊಟ್ಟಾರದ ಕಡೆಯ ಕೋಚಿಂಗ್ ಸೆಂಟರಿಗೆ ಸೇರಿದೆ. ಅಲ್ಲಿ ವಾರವಾರವೂ ಪರೀಕ್ಷೆ. ಬಾಗಿಲಿನ ಗಾಜಿಗೆ ರ‍್ಯಾಂಕ್ ಅಂಟಿಸುತ್ತಿದ್ದರು. ಒಳಗೆ ಹೋಗಬೇಕಾದರೆ ನಮ್ಮ ಹೆಸರನ್ನೇ ಕೈಯಿಂದ ತಳ್ಳಿಕೊಂಡು ಹೋಗಬೇಕು. ನನ್ನ ಹೆಸರು ಮೆಲ್ಲಮೆಲ್ಲನೆ ಕೆಳಗೆ ಇಳಿಯುತ್ತ, ಕೊನೆಗೆ ಬಾಗಿಲಿನ ಹಿಡಿಗಿಂತ ಕೆಳಗೆ ಬಂತು. ನನಗೆ ನಿದ್ದೆಯೇ ಬಾರದಾಯಿತು.

ನಿದ್ದೆಗೆಂದೇ ಶುರುವಾದದ್ದು. ದೊಡ್ಡಮ್ಮನ ಮನೆ ಪಂಪ್‌ವೆಲ್‌ನಲ್ಲಿ, ಫ್ಲೈಓವರ್ ಕಾಣುವ ಅಪಾರ್ಟ್‌ಮೆಂಟಿನ ಮೇಲಿನ ಮಹಡಿ. ದೊಡ್ಡಪ್ಪ ಗಲ್ಫಿನಲ್ಲಿ. ರಿತೇಶ ನನಗಿಂತ ಕೆಲವು ತಿಂಗಳು ಚಿಕ್ಕವನು. ಆಗಷ್ಟೇ ಡಿಗ್ರಿಗೆ ಸೇರಿದ್ದ. ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ, ಭಾನುವಾರದ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಗಾಂಜಾ ಸೇದುತ್ತಿದ್ದೆವು. ಯಾರು ಯಾರಿಗೆ ಕಲಿಸಿದ್ದು ಎಂಬ ಪಂಚಾಯಿತಿಕೆ ಈಗ ಬೇಡ. ಅವನ ಕಾಲೇಜಿನಲ್ಲೂ ನನ್ನ ಕೋಚಿಂಗಿನಲ್ಲೂ ಅದು ಚೂಯಿಂಗ್ ಗಮ್ಮಿನಷ್ಟೇ ಸಲೀಸಾಗಿ ಕೈಯಿಂದ ಕೈಗೆ ಹೋಗುತ್ತಿತ್ತು. ಸೇದಿದವರಲ್ಲಿ ಹೆಚ್ಚಿನವರಿಗೆ ಏನೂ ಆಗಲಿಲ್ಲ. ಅದೇ ಇದರ ದೊಡ್ಡ ಮೋಸ.

ಮೊದಮೊದಲು ಎಲ್ಲವೂ ಚಂದವಾಗಿಯೇ ಇತ್ತು. ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಟ್ಯಾಂಕಿನಿಂದ ತೊಟ್ಟಿಕ್ಕುವ ನೀರಿಗೆ ತಾಳವಿತ್ತು. ಫ್ಲೈಓವರಿನ ಮೇಲೆ ಹೋಗುವ ಬಸ್ಸುಗಳು ಸದ್ದಿಲ್ಲದೆ ತೇಲಿ ಹೋಗುತ್ತಿದ್ದವು. ಮಧ್ಯಾಹ್ನ ಮುಗಿಯುತ್ತಲೇ ಇರಲಿಲ್ಲ. ಬಾಗಿಲಿನ ಗಾಜು, ಅದರ ಮೇಲಿನ ಹೆಸರುಗಳು ಬೇರೆ ಯಾರದೋ ಊರಿನಲ್ಲಿದ್ದಂತೆ ದೂರವಾಗುತ್ತಿದ್ದವು. ಮನೆಗೆ ಬಂದು ಗಡದ್ದಾಗಿ ನಿದ್ದೆ ಮಾಡುತ್ತಿದ್ದೆ. ಅಮ್ಮನಿಗೆ ಎಷ್ಟು ಸಂತೋಷ! "ದೊಡ್ಡಮ್ಮನ ಮನೆಗೆ ಹೋಗಿ ಬಂದ್ರೆ ಇವ್ಳಿಗೆ ಮನಸ್ಸು ಹಗುರ ಆಗ್ತದೆ" ಎಂದು ಪ್ರತಿ ವಾರ ಅವಳೇ ಕಳಿಸುತ್ತಿದ್ದಳು.

ಆಮೇಲೆ ಭಾನುವಾರ ಸಾಲದಾಯಿತು. ನಾನೇ ಚೀಲದಲ್ಲಿ ಇಟ್ಟುಕೊಳ್ಳತೊಡಗಿದೆ. ಚಂದವಾಗಿದ್ದದ್ದು ಯಾವಾಗ ಬಣ್ಣ ಬದಲಿಸಿತೋ ನನಗೆ ತಿಳಿಯದು. ಕೋಚಿಂಗಿನಲ್ಲಿ ಹುಡುಗಿಯರು ನಕ್ಕರೆ ಅದರಲ್ಲಿ ನನಗೊಂದು ಸೂಚನೆ ಇರುತ್ತಿತ್ತು. ಫ್ಯಾನು ತಿರುಗುವಾಗ ನನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹೇಳಿ ನಿಲ್ಲಿಸುತ್ತಿತ್ತು. ಒಂದು ಸಂಜೆ ಬಟ್ಟೆ ಮಡಚುತ್ತಿದ್ದಾಗ ಮೊತ್ತಮೊದಲು ಸ್ಪಷ್ಟವಾಗಿ ಕೇಳಿಸಿತು: ಏಲಂ. ಪಪ್ಪನ ಧಾಟಿಯೇ, ಆದರೆ ದನಿ ಪಪ್ಪನದಲ್ಲ. ರಾಶಿಯಲ್ಲಿದ್ದದ್ದು ನಾನು. ಪಪ್ಪನ ಏಲಂನಲ್ಲಿ ದರ ಏರುತ್ತದೆ, ಇಲ್ಲಿ ಇಳಿಯುತ್ತಿತ್ತು. ಯಾರೂ ಹುಬ್ಬು ಎತ್ತುತ್ತಿರಲಿಲ್ಲ. ನಾನು ಕಿವಿ ಮುಚ್ಚಿಕೊಂಡರೆ ಇನ್ನೂ ಹತ್ತಿರದಿಂದ ಕೇಳುತ್ತಿತ್ತು. ಹೆದರಿಕೆಯಾಯಿತೇ ಎಂದು ಕೇಳುತ್ತಾರೆ. ಹೆದರಿಕೆಗಿಂತ ನಾಚಿಕೆಯಾಯಿತು.

ಎಷ್ಟೋ ದಿನ ಹೀಗೆ ನಡೆಯಿತು. ಯಾರಿಗೂ ಹೇಳಲಿಲ್ಲ. ಒಂದು ಬೆಳಗ್ಗೆ ಆ ದನಿ, ಕೊಟ್ಟಾಯಿತು, ಎತ್ತಿಕೊಂಡು ಹೋಗಿ ಎಂದಿತು. ಚಪ್ಪಲಿ ಹಾಕಿಕೊಳ್ಳದೆ ಮನೆಯಿಂದ ಹೊರಟು, ಮೊದಲ ಬಸ್ಸು ಹತ್ತಿ ಧಕ್ಕೆಗೆ ಹೋದೆ. ಆಕಾಶ ಆಗಷ್ಟೇ ಬಿಳಿಚುತ್ತಿತ್ತು. ದೋಣಿಗಳು, ನೀರು, ಮೀನು, ಮನುಷ್ಯರು ಎಲ್ಲಕ್ಕೂ ಒಂದೇ ಬೆಳ್ಳಿಯ ಬಣ್ಣ. ಪಪ್ಪ ಬೂತಾಯಿ ಮೀನಿನ ರಾಶಿಯ ಮುಂದೆ ನಿಂತು ಕೂಗುತ್ತಿದ್ದರು. ನಾನು ಜನರ ನಡುವೆ ತೂರಿ, ರಾಶಿಯನ್ನು ತುಳಿದುಕೊಂಡೇ ಅವರ ಮುಂದೆ ನಿಂತೆ.

"ಪಪ್ಪ, ನನ್ನನ್ನು ಯಾರಿಗೆ ಕೊಟ್ರಿ?"

ಪಪ್ಪನ ಕೂಗು ಅರ್ಧಕ್ಕೆ ನಿಂತದ್ದನ್ನು ನಾನು ಜೀವಮಾನದಲ್ಲಿ ಕೇಳಿದ್ದು ಅದೊಂದೇ ಸಲ. ಸುತ್ತಲಿದ್ದವರು ನನ್ನ ಬರಿಗಾಲು ನೋಡಿದರು, ಕೆದರಿದ ಕೂದಲು ನೋಡಿದರು. ಯಾರೋ ಒಬ್ಬರು, "ಎಂತ ಆಯ್ತು ಮಗುವಿಗೆ?" ಎಂದು ಕೇಳಿದರು. ಪಪ್ಪ ತಮ್ಮ ತಲೆಗೆ ಕಟ್ಟಿದ್ದ ಬೈರಾಸನ್ನು ಬಿಚ್ಚಿ ನನ್ನ ಹೆಗಲಿಗೆ ಹೊದೆಸಿದರು. ಮನೆಯಲ್ಲಿ ಬಾಯಿ ಬಿಡದ ಮನುಷ್ಯ ಆಗ ತಡವರಿಸದೆ ಹೇಳಿದರು: "ಜಾಂಡೀಸ್ ಮಾರಾಯ. ಜ್ವರ ತಲೆಗೆ ಹತ್ತಿದೆ."

ಕಾಮಾಲೆ ಹುಟ್ಟಿದ್ದು ಹಾಗೆ. ಪ್ರೀತಿಯಿಂದಲೇ ಹುಟ್ಟಿದ್ದು, ಅದರಲ್ಲಿ ನನಗೆ ಸಂಶಯವಿಲ್ಲ.

ಆಸ್ಪತ್ರೆಯ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದೆಲ್ಲ ನೀರಿನೊಳಗಿಂದ ನೋಡಿದಂತೆ. ಹಸಿರು ಪರದೆ ಉಸಿರಾಡುತ್ತಿತ್ತು. ಒಬ್ಬ ನರ್ಸ್ ನನ್ನ ಜಡೆ ಹಾಕುತ್ತ ತನ್ನ ಊರಿನ ಯಾವುದೋ ಬೆಕ್ಕಿನ ಕತೆ ಹೇಳುತ್ತಿದ್ದಳು. ಆ ಬೆಕ್ಕು ಕೊನೆಗೆ ಸಿಕ್ಕಿತೋ ಇಲ್ಲವೋ ಕೇಳುವಷ್ಟರಲ್ಲಿ ನಿದ್ದೆ ಬರುತ್ತಿತ್ತು. ಪಪ್ಪ ಮಂಚದ ಕಾಲಬದಿಯಲ್ಲಿ ಕೂತು ನನ್ನ ಪಾದವನ್ನು ಹಿಡಿದುಕೊಂಡಿರುತ್ತಿದ್ದರು. ಮೀನು ತುಳಿದ ಪಾದ. ಎಷ್ಟು ತೊಳೆದರೂ ಅಲ್ಲಿ ಬೂತಾಯಿಯ ವಾಸನೆ ಉಳಿದಿದೆ ಎಂದು ನನಗನ್ನಿಸುತ್ತಿತ್ತು.

ಒಂದು ದಿನ ಎದ್ದಾಗ ಏಲಂ ಇರಲಿಲ್ಲ. ಕಿವಿಗೊಟ್ಟು ಕೇಳಿದೆ. ಯಾರೋ ಸ್ಟೀಲಿನ ಲೋಟ ಬೀಳಿಸಿದರು, ಅದು ಬರೇ ಲೋಟದ ಸದ್ದು. ಅಷ್ಟು ಒಳ್ಳೆಯ ಸದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ, ಅತ್ತುಬಿಟ್ಟೆ. ಆದರೆ ನಿಜ ಹೇಳಬೇಕೆಂದರೆ ಆಮೇಲಿನ ಕೆಲವು ವಾರ ನನಗೆ ಭಣಭಣ ಎನ್ನಿಸಿತು. ಅಷ್ಟು ದಿನ ಯಾರೋ ನನ್ನ ಬಗ್ಗೆಯೇ ಮಾತಾಡುತ್ತಿದ್ದರು. ಈಗ ಮನೆ ಖಾಲಿ ಮಾಡಿ ಹೋಗಿದ್ದರು. ಇದನ್ನು ಡಾಕ್ಟರಿಗೆ ಹೇಳಲು ಹೆದರಿದ್ದೆ. ಹೇಳಿದಾಗ ಅವರು ನಗಲಿಲ್ಲ. "ತುಂಬ ಜನ ಹಾಗೆ ಹೇಳ್ತಾರೆ, ಪ್ರಮಿತಾ" ಎಂದರು. ಆ "ತುಂಬ ಜನ" ಎಂಬ ಮಾತು ನನಗೆ ಮಾತ್ರೆಯಷ್ಟೇ ಕೆಲಸ ಮಾಡಿತು.

ಗಾಂಜಾದ ವಿಷಯವನ್ನು ಅಷ್ಟರಲ್ಲಿ ನಾನೇ ಬಾಯಿ ಬಿಟ್ಟಿದ್ದೆ. ಆ ಡಾಕ್ಟರ್ ಮೇಡಂಗೆ ಪಪ್ಪ ಒಂದೇ ಪ್ರಶ್ನೆ ಕೇಳಿದ್ದು. "ಒಟ್ಟಿಗೆ ಸೇದಿದವರೆಲ್ಲ ಸರಿ ಇದ್ದಾರಲ್ಲ, ಇವಳಿಗೆ ಮಾತ್ರ ಯಾಕೆ?"

ಮೇಡಂ, "ನೀವು ಮನೆ ಕಟ್ಟಿಸಿದ್ದೀರಾ?" ಎಂದು ಕೇಳಿದರು. ಪಪ್ಪ ಹೌದೆಂದರು. "ಸ್ಲ್ಯಾಬ್ ಹಾಕಿದ ಮೇಲೆ ಅದು ಗಟ್ಟಿಯಾಗುವ ಮೊದಲೇ ಅಡಿಯ ಕಂಬ ತೆಗೆದು ಮೇಲೆ ಭಾರ ಇಟ್ರೆ? ಕೆಲವು ನಿಲ್ತದೆ. ಕೆಲವು ಬಿರುಕು ಬಿಡ್ತದೆ. ಈ ಪ್ರಾಯದಲ್ಲಿ ಮೆದುಳು ಇನ್ನೂ ಗಟ್ಟಿ ಆಗ್ತಾ ಉಂಟು. ಇವಳ ಮೇಲೆ ಪರೀಕ್ಷೆಯ ಭಾರ, ನಿದ್ದೆ ಇಲ್ಲ, ಅದರ ಮೇಲೆ ಗಾಂಜಾ. ಯಾವುದರಿಂದ ಎಷ್ಟು ಅಂತ ನನಗೂ ಹೇಳ್ಲಿಕ್ಕೆ ಆಗುದಿಲ್ಲ. ಬಿರುಕು ಬೇಗ ಕಂಡದ್ದು ಒಳ್ಳೆಯದಾಯ್ತು." ಪಪ್ಪ ತಲೆಯಾಡಿಸಿದರು. ಮನೆ ಕಟ್ಟಿಸಿದವರಿಗೆ ಇಂಥದ್ದು ಬೇಗ ಅರ್ಥವಾಗುತ್ತದೆ. ಮನೆಗೆ ಬಂದವರೇ ನನ್ನ ನೀಟ್ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದರು, ನನ್ನನ್ನು ಒಂದು ಮಾತೂ ಕೇಳದೆ.

ಇತ್ತ ಕಾಮಾಲೆ ಚೆನ್ನಾಗಿ ಬೆಳೆಯುತ್ತಿತ್ತು. ಮಂಗಳೂರಿನಲ್ಲಿ ಕಾಮಾಲೆಯೆಂದರೆ ಸುಮ್ಮನೆಯೇ? ಪ್ರತಿಯೊಬ್ಬರಿಗೂ ಮದ್ದು ಕೊಡುವವರೊಬ್ಬರು ಗೊತ್ತು. ದೊಡ್ಡಮ್ಮನಿಗೆ ಗೊತ್ತಿದ್ದದ್ದು ನದಿಯಾಚೆಯ ಒಬ್ಬ ಅಜ್ಜಿ. ಬೆಳಗ್ಗೆ ಬಸ್ಸು ಹಿಡಿದು ಹೋಗಿ, ಅರೆದ ಸೊಪ್ಪಿನ ಮದ್ದನ್ನು ಬಾಟಲಿಯಲ್ಲಿ ತಂದು, ಖಾಲಿ ಹೊಟ್ಟೆಗೆ ಎಂದು ಅಮ್ಮನ ಕೈಯಲ್ಲಿಟ್ಟು ಹೋಗುತ್ತಿದ್ದಳು. ಡಾಕ್ಟರ್ ನನ್ನ ಮಾತ್ರೆಯ ಜೊತೆ ಬೇರೇನೂ ಬೇಡವೆಂದಿದ್ದರು. ಅಮ್ಮ ಬಾಟಲಿಯನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ತೆಗೆದುಕೊಂಡು, ಅಕ್ಕನ ಬೆನ್ನು ಮರೆಯಾದ ಕೂಡಲೇ ಕರಿಬೇವಿನ ಬುಡಕ್ಕೆ ಹೊಯ್ಯುತ್ತಿದ್ದಳು. ಆ ವರ್ಷ ನಮ್ಮ ಕರಿಬೇವಿಗೆ ಎಂಥ ಕಳೆ!

ಮದ್ದು ಚೆಲ್ಲಬಹುದು, ಪಥ್ಯ ಚೆಲ್ಲಲಾಗುವುದಿಲ್ಲ. ಉಪ್ಪಿಲ್ಲ, ಎಣ್ಣೆಯಿಲ್ಲ, ಮುಖ್ಯವಾಗಿ ಮೀನಿಲ್ಲ. ಕಾಮಾಲೆಯವರ ಮನೆಯಲ್ಲಿ ಒಗ್ಗರಣೆಯ ವಾಸನೆಯೂ ಬರಬಾರದು ಎಂದು ದೊಡ್ಡಮ್ಮನ ಕಟ್ಟಪ್ಪಣೆ. ಮೀನು ಮಾರುವವರ ಮನೆಯಲ್ಲಿ ಮೂರು ಹೊತ್ತೂ ಗಂಜಿ. ನನ್ನ ಮಾತ್ರೆಗೋ ವಿಪರೀತ ಹಸಿವು ತರುವ ಗುಣ. ಮಲಗಿದರೆ ಕನಸಿನಲ್ಲಿ ಬಂಗುಡೆಗಳು ಮಸಾಲೆ ಹಚ್ಚಿಕೊಂಡು ತಾವಾಗಿಯೇ ಸಾಲಾಗಿ ಬರುತ್ತಿದ್ದವು. ಒಂದು ದಿನ ಅಮ್ಮ ತಡೆಯಲಾರದೆ ಕಿಟಕಿಗಳನ್ನೆಲ್ಲ ಮುಚ್ಚಿ, ಊದುಬತ್ತಿ ಹಚ್ಚಿ, ನನಗೆಂದು ಎಣ್ಣೆಯಲ್ಲಿ ಮೀನು ಕಾಯಿಸಿದಳು. ಎರಡನೇ ತುಂಡು ಬಾಯಲ್ಲಿರುವಾಗಲೇ ಬೆಲ್ಲು. ದೊಡ್ಡಮ್ಮ!

"ಎಂತ ಇದು, ಮೀನಿನ ಪರಿಮಳ?"

"ಪಕ್ಕದ ಮನೆಯವರದ್ದು ಕಾಣ್ತದೆ" ಎಂದಳು ಅಮ್ಮ.

ಪಕ್ಕದ ಮನೆಯವರು ಮೊಟ್ಟೆ ಕೂಡ ಮುಟ್ಟದವರು. ದೊಡ್ಡಮ್ಮ ಗೋಡೆಯ ಕಡೆ ಒಂದು ಕ್ಷಣ ನೋಡಿ, "ಅವ್ರೂ ಶುರು ಮಾಡಿದ್ರಾ! ಕಾಲ ಕೆಟ್ಟೋಯ್ತು ಮಾರಾಯ್ತಿ" ಎಂದಳು. ನಾನು ಹೊದಿಕೆಯೊಳಗೆ ಬಾಯಿ ಮುಚ್ಚಿಕೊಂಡು ನಕ್ಕೆ. ಕಾಯಿಲೆ ಬಿದ್ದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಅಮ್ಮ ಅದನ್ನು ಕಂಡಳು. ದೊಡ್ಡಮ್ಮ ಹೋದ ಮೇಲೆ ಉಳಿದ ಮೀನನ್ನೆಲ್ಲ ನನ್ನ ತಟ್ಟೆಗೇ ಹಾಕಿದಳು.

ಆಸ್ಪತ್ರೆಯಿಂದ ಬಂದ ಮೇಲೆ ತೋರಿಸಲು ಹೋಗುತ್ತಿದ್ದ ಆ ಡಾಕ್ಟರ್ ಮೇಡಂನ ಕ್ಲಿನಿಕ್ಕು ಕೊಟ್ಟಾರದ ಕಡೆ, ಮೊದಲ ಮಹಡಿಯಲ್ಲಿ, ಕೆಳಗೆ ಟೈಲ್ಸ್ ಅಂಗಡಿ. ಅಮ್ಮ ನೇರವಾಗಿ ಮೆಟ್ಟಿಲು ಹತ್ತಿದವಳಲ್ಲ. ಮೊದಲು ಅಂಗಡಿಗೆ ನುಗ್ಗಿ, ಬಚ್ಚಲಿನ ಟೈಲ್ಸ್ ನೋಡುವಂತೆ ನಟಿಸಿ, ರಸ್ತೆಯಲ್ಲಿ ಪರಿಚಯದವರಿಲ್ಲ ಎಂದು ಖಾತ್ರಿ ಮಾಡಿಕೊಂಡು ಮೇಲೆ ಓಡುತ್ತಿದ್ದಳು. ಪ್ರತಿ ಸಲವೂ ಇದೇ. "ಮನೆ ಕೆಲಸ ಎಲ್ಲಿವರೆಗೆ ಬಂತಮ್ಮ?" ಎಂದು ಅಂಗಡಿಯವರು ವಿಶ್ವಾಸದಿಂದ ವಿಚಾರಿಸತೊಡಗಿದರು. "ಆಗ್ತಾ ಉಂಟು" ಎನ್ನುತ್ತಿದ್ದಳು ಅಮ್ಮ. ಮೇಲೆ ಕಾಯುವ ಕೋಣೆಯಲ್ಲಿ ಶಾಲನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಅಲ್ಲಿ ಎಲ್ಲರೂ ಹಾಗೇ ಕೂರುತ್ತಿದ್ದರು. ಒಬ್ಬರನ್ನೊಬ್ಬರು ನೋಡದಿರುವುದೇ ಅಲ್ಲಿಯ ಮರ್ಯಾದೆ. ಮೀನಿಲ್ಲದ ಅಕ್ವೇರಿಯಮ್ಮೊಂದು ಮೂಲೆಯಲ್ಲಿ ಗುಳುಗುಳು ಎನ್ನುತ್ತಿತ್ತು. ನಾನು ಅದನ್ನೇ ನೋಡುತ್ತ ತೂಕಡಿಸುತ್ತಿದ್ದೆ.

ವರ್ಷ ತಿರುಗುವಷ್ಟರಲ್ಲಿ ನಾನು ಚೇತರಿಸಿಕೊಂಡೆ. ನೇರ ಗೆರೆಯಲ್ಲಿ ಅಲ್ಲ. ನಡುವೆ ಒಮ್ಮೆ ಮಾತ್ರೆ ಬಿಟ್ಟು ನೋಡಿದೆ, ದನಿ ದೂರದಿಂದ ಕೆಮ್ಮಿತು, ಹೆದರಿ ಮತ್ತೆ ಹಿಡಿದೆ. ಗಾಂಜಾ ಮುಟ್ಟಲಿಲ್ಲ. ರಿತೇಶನ ಮನೆಗೂ ಹೋಗಲಿಲ್ಲ. ಫೋನಿನಲ್ಲಿ, "ನೀನೂ ಬಿಡು ರೀತು, ನನಗೆ ಅದ್ರಿಂದಲೇ ಆದದ್ದು" ಎಂದು ಹೇಳಲು ಹೊರಟಾಗಲೆಲ್ಲ ಅಮ್ಮ ಕಣ್ಣಲ್ಲೇ ಬೇಡುತ್ತಿದ್ದಳು. "ಅವನ ಬಾಯಿಗೆ ಬಿದ್ರೆ ಅಕ್ಕನ ಕಿವಿಗೆ ಬೀಳ್ತದೆ. ಆಮೇಲೆ ಇಡೀ ಕುಟುಂಬಕ್ಕೆ. ನಾಳೆ ನಿನ್ನನ್ನು ಕೇಳಿಕೊಂಡು ಯಾರು ಬರ್ತಾರೆ ಮಗಾ?" ಹೀಗಾಗಿ ನನ್ನ ಜೊತೆ ಸೇದುತ್ತಿದ್ದ ಹುಡುಗನಿಗೂ ನನಗೆ ಕಾಮಾಲೆಯೇ ಆಗಿತ್ತು.

ಆಮೇಲೆ ಒಂದು ಬೆಳಗ್ಗೆ ದೊಡ್ಡಮ್ಮ ಬಂದಳು. ಕೂರಲಿಲ್ಲ, ಚಾ ಬೇಡವೆಂದಳು. "ರಿತೇಶನಿಗೂ ಅದೇ ಬಂದಿದೆ" ಎಂದಳು.

"ಯಾವುದು?" ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಜಾಂಡೀಸ್. ಮತ್ತೆ ಎಂತ? ಪ್ರಮಿತಾಗೆ ಆಗ ಹೇಗಿತ್ತು, ಹಾಗೇ ಉಂಟು. ಊಟ ಇಲ್ಲ, ನಿದ್ದೆ ಇಲ್ಲ, ಕೋಣೆಯ ಬಾಗಿಲು ಹಾಕಿ ಒಳಗೆ ಒಬ್ಬನೇ ಮಾತಾಡ್ತಾನೆ. ಜ್ವರ ತಲೆಗೆ ಹತ್ತಿರಬೇಕು. ಅಜ್ಜಿಯ ಮದ್ದು ತಂದಿದ್ದೇನೆ. ಇವಳಿಗೆ ಅದ್ರಲ್ಲೇ ಗುಣ ಆದದ್ದಲ್ವಾ? ಕುಡಿಯುದಿಲ್ಲ ಅಂತ ಹಠ, ಅದ್ರಲ್ಲಿ ವಿಷ ಉಂಟಂತೆ. ಪ್ರಮಿತಾ ಒಮ್ಮೆ ಬಂದು ಹೇಳಿದ್ರೆ ಕೇಳ್ತಾನೆ ಅಂತ, ಹೊರಗಿನಿಂದ ಬೀಗ ಹಾಕಿ ಬಂದದ್ದು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಾಲ್ಕನಿಯಲ್ಲೇ ಹೋಗಿ ಹೋಗಿ ನಿಲ್ತಾನೆ. ಕಂಡಕ್ಟರ್ ಕರೀತಾನಂತೆ. ಇಳಿ, ಸ್ಟಾಪ್ ಬಂತು ಅಂತ ಹೇಳ್ತಾನಂತೆ."

ಮೇಲಿನ ಮಹಡಿಯ ಬಾಲ್ಕನಿ, ಇಳಿ ಎನ್ನುವ ದನಿ. ನನಗೆ ಕೇಳಿಸಿದ್ದು ನಾನು ಹುಟ್ಟಿದಾಗಿನಿಂದ ಕೇಳಿದ ಧಕ್ಕೆಯ ಕೂಗು. ಅವನಿಗೆ ಪಂಪ್‌ವೆಲ್‌ನ ಬಸ್ಸಿನವರದು. ಆ ದನಿಗಳು ಬೇರೆ ಎಲ್ಲಿಂದಲೋ ಬರುವುದಿಲ್ಲ, ತಮ್ಮ ಮಾತನ್ನು ನಾವು ಬೆಳೆದ ಜಾಗದಿಂದಲೇ ಎತ್ತಿಕೊಳ್ಳುತ್ತವೆ.

ಅಮ್ಮ ನನ್ನ ತೋಳು ಹಿಡಿದು ಅಡುಗೆಮನೆಯೊಳಗೆ ಎಳೆದುಕೊಂಡು ಹೋದಳು. ಬಾಗಿಲು ಮುಂದಕ್ಕೆ ಹಾಕಿ ಪಿಸುಗುಟ್ಟಿದಳು, "ಅವನನ್ನು ಡಾಕ್ಟರ ಹತ್ರ ಕರ್ಕೊಂಡು ಹೋಗು ಅಂತ ಹೇಳುವ. ನಿನ್ನ ವಿಷಯ ಬೇಡ."

"ಯಾಕೆ ಹೋಗ್ಬೇಕು ಅಂತ ಕೇಳ್ತಾಳೆ. ಸೊಪ್ಪಿನ ಮದ್ದಲ್ಲಿ ನನಗೆ ಗುಣ ಆದದ್ದನ್ನು ಕಣ್ಣಾರೆ ಕಂಡವಳು ಅವ್ಳು."

"ಮಗಾ, ನಿನ್ನ ನಾಳೆ..."

"ಅವನಿಗೆ ನಾಳೆ ಇರ್ಬೇಕಲ್ಲ ಅಮ್ಮಾ!"

ನಾನು ಕೂಗಿಯೇ ಹೇಳಿದ್ದು. ಹೊರಗೆ ದೊಡ್ಡಮ್ಮನಿಗೂ ಕೇಳಿಸಿರಬೇಕು. ಅಮ್ಮ ಸಿಂಕಿನ ಅಂಚನ್ನು ಹಿಡಿದು ನಿಂತಳು. ನನಗೆ ಅವಳ ಮೇಲೆ ಸಿಟ್ಟು, ಕನಿಕರ ಎರಡೂ ಒಟ್ಟಿಗೆ ಬಂದವು. ನಾನು ಚಪ್ಪಲಿ ಮೆಟ್ಟಿಕೊಂಡೆ. ಹಿಂದಿನಿಂದ ಗ್ಯಾಸ್ ಆರಿಸಿದ ಸದ್ದು ಕೇಳಿತು, ಅಮ್ಮನೂ ಹೊರಟಳು.

ರಿಕ್ಷಾದಲ್ಲಿ ದೊಡ್ಡಮ್ಮ ನಡುವೆ ಕೂತು ಹರಕೆಗಳನ್ನು ಹೇಳಿಕೊಳ್ಳುತ್ತಿದ್ದಳು. ಅಂಗಡಿಗಳು, ಫಲಕಗಳು, ಮರಗಳು ಹಿಂದಕ್ಕೆ ಹರಿಯುತ್ತಿದ್ದವು. ನಾನು ಮನಸ್ಸಿನಲ್ಲೇ ಒಂದು ವಾಕ್ಯವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಎಷ್ಟು ಚಂದ ಮಾಡಿದರೂ ಅದು ಚಂದವಾಗಲಿಲ್ಲ. ಪಂಪ್‌ವೆಲ್ ತಲುಪಿ ಲಿಫ್ಟಿನಲ್ಲಿ ಮೇಲೆ ಹೋಗಿ, ದೊಡ್ಡಮ್ಮ ಬೀಗ ತೆಗೆಯುವ ಮೊದಲೇ ಹೇಳಿಬಿಟ್ಟೆ.

"ದೊಡ್ಡಮ್ಮ, ನನಗೆ ಜಾಂಡೀಸ್ ಆಗಿರ್ಲಿಲ್ಲ. ನನಗೂ ದನಿ ಕೇಳ್ತಿತ್ತು. ಗಾಂಜಾ ಸೇದಿ, ನಿದ್ದೆ ಬಿಟ್ಟು, ತಲೆ ಕೆಟ್ಟಿತ್ತು. ಗುಣ ಆದದ್ದು ತಲೆಯ ಡಾಕ್ಟರ ಮಾತ್ರೆಯಲ್ಲಿ. ರೀತುಗೂ ಅದೇ ಆದದ್ದು. ಮದ್ದುಂಟು. ಇವತ್ತೇ ಹೋಗ್ಬೇಕು."

ಬೀಗದ ಕೈ ಅವಳ ಕೈಯಲ್ಲೇ ಉಳಿಯಿತು. ಅವಳಿಗೆ ಮೊದಲು ನಾಟಿದ್ದು ಮಗನ ಕಾಯಿಲೆಯಲ್ಲ. "ನಾನು ಮಳೆಯಲ್ಲಿ ನೆಂದುಕೊಂಡು ಮದ್ದು ತಂದದ್ದು..." ಎಂದು ಅಮ್ಮನ ಕಡೆ ತಿರುಗಿದಳು. "ನನ್ನ ಹತ್ರವೂ ಸುಳ್ಳಾ? ಸ್ವಂತ ಅಕ್ಕನ ಹತ್ರ?" ಆಮೇಲೆ ನಿಧಾನವಾಗಿ ಇನ್ನೊಂದು ಅರ್ಥವಾಗಿ ಮುಖ ಬಿಳಿಚಿತು. "ಹಾಗಾದ್ರೆ ನನ್ನ ಮಗನಿಗೆ ಹುಚ್ಚಾ?"

"ಹುಚ್ಚಲ್ಲ, ಕಾಯಿಲೆ. ನನ್ನನ್ನು ನೋಡು ದೊಡ್ಡಮ್ಮ, ನಾನು ನಿನ್ನ ಮುಂದೆಯೇ ನಿಂತಿದ್ದೇನಲ್ಲ."

ಅಮ್ಮ ಶಾಲಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ಕೊನೆಗೆ, "ಸುಳ್ಳು ಹೇಳಿದ್ದು ನಾನು ಮತ್ತೆ ಇವಳ ಪಪ್ಪ, ಇವಳಲ್ಲ" ಎಂದಳು. "ಬೈಯುದಾದ್ರೆ ನನ್ನನ್ನು ಆಮೇಲೆ ಬೈ ಅಕ್ಕ. ಈಗ ಬಾಗಿಲು ತೆಗಿ."

ರಿತೇಶ ಬಾಲ್ಕನಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಅವನನ್ನು ಚಂದ ಮಾಡಿ ಬರೆಯುವ ಮಾತು ಕೊಟ್ಟಿದ್ದೇನೆ, ಅದಕ್ಕೇ ಗಡ್ಡದ ವಿಷಯ ಎತ್ತುವುದಿಲ್ಲ. ಕಣ್ಣುಗಳು ಮಾತ್ರ ನನಗೆ ಚೆನ್ನಾಗಿ ಗೊತ್ತಿದ್ದ ಕಣ್ಣುಗಳು. ಕನ್ನಡಿಯಲ್ಲಿ ನೋಡಿದ್ದೆ. ನಾನು ಬಾಲ್ಕನಿಯ ಬಾಗಿಲಿಗೆ ಚಿಲಕ ಹಾಕಿ, ಅವನ ಪಕ್ಕದಲ್ಲೇ ನೆಲದ ಮೇಲೆ ಕೂತೆ.

"ಹೆಸರು ಹಿಡಿದು ಕರೀತಾನಾ ರೀತು?"

ಅವನು ಬೆಚ್ಚಿ ನೋಡಿದ. ಕೆಳಗೆ ಬಸ್ಸುಗಳ ಹಾರ್ನು. "ನಿನಗೆ ಹೇಗೆ ಗೊತ್ತು?"

"ನನಗೆ ಏಲಂ ಕೂಗ್ತಿದ್ರು."

"ಯಾರು?"

"ಯಾರೂ ಇಲ್ಲ. ಆದ್ರೆ ಕೇಳ್ತಿತ್ತು. ನಿಜವಾಗಿ ಕೇಳ್ತಿತ್ತು."

ಅವನು ನನ್ನ ಕಡೆಗೆ ತಿರುಗಿ ಕೂತ. "ಎಲ್ರೂ ಹೇಳ್ತಾರೆ ಯಾರೂ ಕರೀಲಿಲ್ಲ ಅಂತ. ಕೇಳ್ತದೆ ಅಂತ ನೀನೊಬ್ಳೇ ಹೇಳಿದ್ದು" ಎಂದ. ನಾನು ಅವನ ಕೈ ಹಿಡಿದುಕೊಂಡೆ, ಅದು ಒದ್ದೆಯಾಗಿತ್ತು. ಡಾಕ್ಟರು ಇದ್ದಾರೆ, ನಾನು ಜೊತೆಗೆ ಬರುತ್ತೇನೆ, ಸೊಪ್ಪಿನ ಕಷಾಯ ಕುಡಿಸುವುದಿಲ್ಲ ಎಂದೆ. ಕೊನೆಯದಕ್ಕೆ ಒಪ್ಪಿ ಎದ್ದನೆಂದು ಕಾಣುತ್ತದೆ.

ಅವನು ಈಗ ಹೇಗಿದ್ದಾನೆಂದು ಕೇಳುವವರಿಗೆ: ಕಾಲೇಜಿಗೆ ಒಂದು ವರ್ಷ ರಜೆ ಹಾಕಿದ. ನನಗಿಂತ ನಿಧಾನವಾಗಿ ಮೇಲೆ ಬಂದ. ಒಮ್ಮೆ ಮತ್ತೆ ಸೇದಿ ಮತ್ತೆ ಬಿದ್ದ, ಮತ್ತೆ ಎದ್ದ. ಈಗ ಬಸ್ಸು ಹತ್ತುತ್ತಾನೆ, ಇಳಿಯಬೇಕಾದಲ್ಲಿ ಇಳಿಯುತ್ತಾನೆ. ದೊಡ್ಡಮ್ಮ ಅಮ್ಮನ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು, ಆದರೆ ಕ್ಲಿನಿಕ್ಕಿಗೆ ಮಾತ್ರ ಇಬ್ಬರೂ ಒಟ್ಟಿಗೇ ಬರುತ್ತಿದ್ದರು. ಕುಟುಂಬಕ್ಕೆ ಸುದ್ದಿ ಹಬ್ಬಿತು. ಒಂದಿಬ್ಬರು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ಇನ್ನೊಂದಿಬ್ಬರು ಹಿತ್ತಿಲ ಬಾಗಿಲಿನಿಂದ ಬಂದು, ದನಿ ತಗ್ಗಿಸಿ, ಆ ಡಾಕ್ಟರ ವಿಳಾಸ ಕೇಳಿದರು.

ನಾನು ಹೇಳಬೇಕಾದದ್ದು ಅವನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ ಆ ಮೊದಲ ದಿನದ ವಿಷಯ. ಅಮ್ಮ ಅವತ್ತು ಟೈಲ್ಸ್ ಅಂಗಡಿಗೆ ಹೋಗಲಿಲ್ಲ. ಹೋಗಲು ಪುರುಸೊತ್ತಿರಲಿಲ್ಲ, ರಿತೇಶನ ಒಂದು ತೋಳು ಅವಳ ಕೈಯಲ್ಲಿತ್ತು. ಕಾಯುವ ಕೋಣೆ ತುಂಬಿತ್ತು. ಎಲ್ಲರೂ ಎಂದಿನಂತೆ ಗೋಡೆಯನ್ನೂ ಮೊಬೈಲನ್ನೂ ನೋಡುತ್ತಿದ್ದರು. ದೊಡ್ಡಮ್ಮ ಸೆರಗು ಮುಖಕ್ಕೆಳೆದುಕೊಂಡು ಬಾಗಿಲ ಹೊರಗೇ ಮೆಟ್ಟಿಲ ಮೇಲೆ ನಿಂತಳು. ಒಳಗೆ ಬರಲು ಅವಳ ಕಾಲು ಏಳಲಿಲ್ಲ. ರಿತೇಶ ನನ್ನ ಮತ್ತು ಅಮ್ಮನ ನಡುವೆ ಕೂತು ಬಾಗಿಲನ್ನೂ ಕಿಟಕಿಯನ್ನೂ ಸರದಿಯಂತೆ ನೋಡಿದ. "ಅಕ್ಕ, ಇಲ್ಲಿಗೂ ಬರ್ತಾನಾ ಅವ?" ಎಂದು ಕೇಳಿದ. "ಬಂದ್ರೆ ಬರ್ಲಿ, ನಾವು ಮೂರು ಜನ ಇದ್ದೇವೆ" ಎಂದೆ. ಮಧ್ಯಾಹ್ನದ ಬಿಸಿಲು ಪರದೆಯೊಳಗಿಂದ ಹಳದಿಯಾಗಿ ಸೋಸಿ ಬರುತ್ತಿತ್ತು. ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು, ಯಾರ ಹೆಸರನ್ನೂ ಹೇಳದೆ. ಅವನ ತಲೆ ಮೆಲ್ಲನೆ ವಾಲಿ ಅಮ್ಮನ ಭುಜಕ್ಕೆ ತಗುಲಿತು, ಎತ್ತಿದ, ಮತ್ತೆ ತಗುಲಿತು. ಉಸಿರು ದೀರ್ಘವಾಯಿತು. ದಿನಗಟ್ಟಲೆ ಮಲಗದ ಹುಡುಗ ಬಾಯಿ ತೆರೆದು ಗೊರಕೆ ಹೊಡೆಯತೊಡಗಿದ.

ಅಷ್ಟರಲ್ಲಿ ರಿಸೆಪ್ಶನಿನ ಹುಡುಗಿ ಅವನ ಹೆಸರು ಕರೆದಳು.

ನಾನು ಅವನನ್ನು ಅಲುಗಾಡಿಸಲು ಕೈ ಎತ್ತಿದೆ. ಅಮ್ಮ ನನ್ನ ಕೈ ತಡೆದಳು. ಶಾಲು ಜಾರಿ ಅವಳ ಮಡಿಲಲ್ಲಿ ಬಿದ್ದಿತ್ತು, ಮುಖ ಪೂರ್ತಿ ತೆರೆದಿತ್ತು. ಎದುರಿನ ಬೆಂಚಿನಲ್ಲಿ ತನ್ನ ಮಗಳ ಜೊತೆ ಗೋಡೆ ನೋಡುತ್ತ ಕೂತಿದ್ದ ಹೆಂಗಸಿಗೆ, ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಸ್ಪಷ್ಟವಾಗಿ ಅಮ್ಮ ಹೇಳಿದಳು:

"ನೀವು ಮೊದಲು ಹೋಗಿ. ನಮ್ಮ ಹುಡುಗ ಈಗಷ್ಟೇ ಮಲಗಿದ್ದಾನೆ."

ದೊಡ್ಡಮ್ಮ ಆಗ ಒಳಗೆ ಬಂದು ನಮ್ಮ ಪಕ್ಕದಲ್ಲಿ ಕೂತಳು.